ಅಳತೆ ರವಿಕೆ

ಮಾರ್ಚ್ 3, ಸೋಮವಾರ

ಎರಡು ರವಿಕೆ ಮುಗಿಸಬೇಕಿತ್ತು. ಒಂದಕ್ಕೆ ಹುಕ್ಸ್ ಹಾಕಿದೆ, ಅಷ್ಟೇ. ಎಡಗೈ ಮತ್ತೆ ಊದಿಕೊಂಡಿದೆ. ದಿಂಬಿನ ಮೇಲೆ ಎತ್ತಿಟ್ಟು ಕೂತಿದ್ದೇನೆ. ಬರೆಯುವುದಕ್ಕಾದರೆ ಒಂದು ಕೈ ಸಾಕು.

ಮೆಷಿನ್‌ಗೆ ಮೋಟರ್ ಇದೆ. ಪೆಡಲ್ ಮೆಲ್ಲಗೆ ಒತ್ತಿದರೆ ಆಯಿತು. ಆದರೆ ಒತ್ತಿದೆನೋ ಇಲ್ಲವೋ ಪಾದಕ್ಕೆ ಗೊತ್ತಾಗುವುದಿಲ್ಲ. ಕೀಮೋ ಮುಗಿಯಿತು, ಜೋಮು ಉಳಿಯಿತು. ಇವತ್ತು ಹೊಲಿಗೆ ಸೀದಾ ಓಡಿಹೋಗಿ ತೋಳಿನ ಅಂಚು ದಾಟಿತು. ಬಿಚ್ಚಿ ಮತ್ತೆ ಹೊಲಿದೆ. ಇಪ್ಪತ್ತು ವರ್ಷದಿಂದ ರಾಯದುರ್ಗದ ಅರ್ಧ ಹೆಂಗಸರಿಗೆ ರವಿಕೆ ಹೊಲಿದವಳು. ಹೊಸದಾಗಿ ಕಲಿಯೋಕೆ ಬಂದವಳ ಹಾಗೆ ಆಗಿದ್ದೇನೆ.

ಗಿರಾಕಿ ಬಂದಿದ್ದಳು. ಅಳತೆ ರವಿಕೆ ತಂದಿರಲಿಲ್ಲ. ‘ಮೈ ಮೇಲೆ ಅಳತೆ ತಗೊಳ್ಳಿ ಅಕ್ಕಾ’ ಅಂದಳು. ನಾನು ತಗೊಳ್ಳೋದಿಲ್ಲ, ನಿನಗೆ ಸರಿಯಾಗಿ ಕೂತಿರೋ ಹಳೇದೊಂದು ತಾ ಅಂದೆ. ಮೈ ಸುಳ್ಳು ಹೇಳುತ್ತೆ, ಉಸಿರು ಹಿಡಿದು ನಿಲ್ಲುತ್ತಾರೆ. ಹಳೆ ರವಿಕೆ ಸುಳ್ಳು ಹೇಳೋದಿಲ್ಲ.

ಅವಳು ಹೋಗುವಾಗ ನನ್ನ ಎದೆಯ ಕಡೆ ಒಂದು ಸಲ ನೋಡಿದಳು. ಎಲ್ಲರೂ ನೋಡುತ್ತಾರೆ. ಯಾವ ಕಡೆಯದು ಹೋಗಿದೆ ಅಂತ.

ಎಡಗಡೆಯದು.

ಮಾರ್ಚ್ 5

ಅಕ್ಕ ನಾಗವೇಣಿ ಫೋನ್ ಮಾಡಿದ್ದಳು, ಮಡಕಶಿರದಿಂದ. ಮಗಳು ರೇವತಿಯ ಮದುವೆ ಗೊತ್ತಾಗಿದೆ. ಮೇ 8. ಗಂಡು ಅಗಳಿಯವನು, ಆಟೊ ಸ್ಪೇರ್ ಪಾರ್ಟ್ಸ್ ಅಂಗಡಿ.

‘ಮದ್ವೆಣ್ಣಿನ ಬ್ಲೌಜೆಲ್ಲ ನೀನೇ ಒಲಿಬೇಕು ಕಣಮ್ಮಿ. ಬ್ಯಾರೆ ಯಾರ ಕೈಲೂ ಒಲ್ಸಕಿಲ್ಲ ಅಂತ ಕುಂತವ್ಳೆ ಇವ್ಳು. ಆಮೇಕೆ ನೀನೂ ಒಂದು ಒಳ್ಳೇದ್ ಒಲ್ಕ. ಅತ್ತೆ ಕಡೇರು ನೋಡ್ತಾರೆ.’

ಹೂಂ ಅಂದೆ. ಫೋನ್ ಇಟ್ಟ ಮೇಲೆ ಬೀರು ತೆಗೆದು ನನ್ನ ರವಿಕೆಗಳನ್ನೆಲ್ಲ ಹಾಸಿಗೆ ಮೇಲೆ ಹರಡಿದೆ. ರೇಷ್ಮೆ, ಕಾಟನ್, ಎಲ್ಲ ನಾನೇ ಹೊಲಿದದ್ದು. ಒಂದೂ ನನ್ನದಲ್ಲ. ಎಡಗಡೆ ಖಾಲಿ ಚೀಲ. ಎಡತೋಳು ಮೊಣಕೈ ಮೇಲೆ ಏರುವುದಿಲ್ಲ. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ. ಊರಿಗೆಲ್ಲ ಹೊಲಿದವಳು ಆಗಸ್ಟಿನಿಂದ ನೈಟಿ ಮೇಲೆ ಟವೆಲ್ ಹೊದ್ದು ತಿರುಗುತ್ತಿದ್ದೇನೆ.

ಮುತ್ತುರಾಜ್ ಒಳಗೆ ಬಂದ. ಗಂಡನಿಗೆ ಎದುರಿಗೆ ‘ರೀ’. ಈ ಪುಸ್ತಕದಲ್ಲಿ ಮುತ್ತುರಾಜ್, ಏಕವಚನ. ಯಾರು ನೋಡಬೇಕು. ಹಾಸಿಗೆ ಮೇಲಿನ ರವಿಕೆಗಳನ್ನು ನೋಡಿದ. ನನ್ನನ್ನು ನೋಡಲಿಲ್ಲ. ‘ಊಟ ಆತಾ?’ ಅಂದ. ಆಯ್ತು ಅಂದೆ. ಮೆಟ್ಟಿಲು ಹತ್ತಿ ಮೇಲಿನ ರೂಮಿಗೆ ಹೋದ.

ಆಪರೇಷನ್ ಆದಾಗ ಹದಿನೈದು ದಿನ ಬೇರೆ ಮಲಗಿ ಅಂದಿದ್ದರು. ನಾನು ಕೆಳಗೆ ಅತ್ತೆಯ ಹತ್ತಿರ ಮಲಗಿದೆ, ಅವನು ಮೇಲೆ. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಮಾರ್ಚ್ 12

ಪ್ಯಾಡ್ ಹೊಲಿಯುವ ಪ್ರಯೋಗ. ಅಂಗಡಿಯಲ್ಲಿ ಸಿಲಿಕಾನ್‌ದು ಸಿಗುತ್ತಂತೆ. ಬೇಡ. ನನ್ನ ಮೈಗೆ ನಾನೇ ಹೊಲಿದುಕೊಳ್ಳುತ್ತೇನೆ ಅಂತ ಹಠ.

ಮೊದಲು ಶೋಲ್ಡರ್ ಪ್ಯಾಡಿನ ಸ್ಪಂಜ್. ನೋಡೋಕೆ ಸರಿ. ಆದರೆ ಹಗುರ. ಕೈ ಎತ್ತಿದರೆ ಕುತ್ತಿಗೆವರೆಗೂ ಏರಿ ಬರುತ್ತೆ. ಗಿರಾಕಿಯ ಮುಂದೆ ಹಾಗೆ ಆದರೆ ಸತ್ತೇ ಹೋಗುತ್ತೇನೆ.

ಆಮೇಲೆ ಮುತ್ತುರಾಜ್‌ನ ಯುನಿಟ್‌ನಿಂದ ಬರುವ ಜೀನ್ಸ್ ಚಿಂದಿ. ಅವನು ಅಲ್ಲಿ ಕಟಿಂಗ್ ಮಾಸ್ಟರ್. ಚೀಲಗಟ್ಟಲೆ ಚಿಂದಿ ಮನೆಯಲ್ಲಿದೆ. ತೂಕ ಬಂತು, ಆದರೆ ಇಟ್ಟಿಗೆ. ಅತ್ತೆಯ ಕುರಿಯ ಉಣ್ಣೆ ತುಂಬಿ ನೋಡಿದೆ. ಮೆತ್ತಗೆ, ಚೆನ್ನಾಗಿತ್ತು. ಒಂದು ಗಂಟೆಯಲ್ಲಿ ಗಾಯದ ಮೇಲೆಲ್ಲ ಕಡಿತ. ಮೈಯೆಲ್ಲ ಕುರಿ ವಾಸನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪ್ಯಾಡ್‌ನದೇ ತಪ್ಪು ಅಂದುಕೊಂಡು ಇವತ್ತಿಗೆ ನಿಲ್ಲಿಸಿದೆ. ಸುಸ್ತು.

ಮಾರ್ಚ್ 13

ರಾಗಿ!

ಅಡುಗೆಮನೆಯಲ್ಲಿ ಡಬ್ಬಿಗೆ ಕೈ ಹಾಕಿದಾಗ ಹೊಳೆಯಿತು. ಬೊಗಸೆಯಲ್ಲಿ ಹಿಡಿದರೆ ಹಿಡಿದ ಆಕಾರ. ಬಿಟ್ಟರೆ ಮೆಲ್ಲಗೆ ಇಳಿಯುತ್ತೆ. ತೆಳು ಮಲ್ ಬಟ್ಟೆಯಲ್ಲಿ ಎರಡು ಪದರದ ಚೀಲ ಹೊಲಿದು ರಾಗಿ ತುಂಬಿದೆ. ಬಲಗಡೆಗೆ ಸರಿತೂಕ ಬರೋವರೆಗೆ ಒಂದೊಂದು ಹಿಡಿ ಹಾಕಿ, ತೆಗೆದು. ಹಳೆ ಬಾಡಿಯ ಒಳಗೆ ಜೇಬು ಮಾಡಿ ಕೂರಿಸಿದೆ.

ಕನ್ನಡಿ ಮುಂದೆ ನಿಂತೆ. ಏಳು ತಿಂಗಳ ಮೇಲೆ ಎರಡು ಭುಜ ಒಂದೇ ಮಟ್ಟ. ಎಡಗಡೆ ತೂಕ ಇಲ್ಲದೆ ಇಷ್ಟು ದಿನ ವಾಲಿಕೊಂಡು ನಡೆಯುತ್ತಿದ್ದೆ ಅಂತ ಈಗ ಗೊತ್ತಾಯಿತು. ಸಂತೋಷ ಆಯ್ತು. ಸುಮ್ಮನೆ ಯಾಕೆ ಸುಳ್ಳು, ಬಹಳ ಸಂತೋಷ ಆಯ್ತು.

ಈ ಕಡೆಯವರಾಗಿದ್ದರೆ ಜೋಳ ತುಂಬುತ್ತಿದ್ದರು. ನಾನು ಮಡಕಶಿರದ ಮುದ್ದೆ ತಿಂದು ಬೆಳೆದವಳು.

ಮಾರ್ಚ್ 22

ಒಂಬತ್ತು ದಿನ ಏನೂ ಬರೆದಿಲ್ಲ. ಬರೆಯೋಕೆ ಏನಿತ್ತು? ಹೊಲಿದೆ, ಮಲಗಿದೆ, ಹೊಲಿದೆ.

ಇವತ್ತು ಬೆಳಿಗ್ಗೆ ಸೀರೆ ಬದಲಾಯಿಸುತ್ತಿದ್ದೆ. ಬಾಗಿಲು ಮುಂದಕ್ಕೆ ತಳ್ಳಿದ್ದೆ ಅಷ್ಟೇ. ಮುತ್ತುರಾಜ್ ಗಾಡಿ ಕೀ ತಗೊಳ್ಳೋಕೆ ಒಳಗೆ ಬಂದ. ಸೆರಗು ಇರಲಿಲ್ಲ. ಬಾಡಿ ಇತ್ತು, ರಾಗಿ ಇತ್ತು, ಎಲ್ಲ ಇತ್ತು. ಅವನು ತಟ್ಟನೆ ತಿರುಗಿ ಹೊರಗೆ ಹೋದ. ಕೀ ಬಿಟ್ಟು ನಡೆದುಕೊಂಡೇ ಯುನಿಟ್‌ಗೆ ಹೋದ. ಆ ಬಿಸಿಲಲ್ಲಿ.

ಮದುವೆಯಾಗಿ ಇಪ್ಪತ್ತೊಂದು ವರ್ಷ. ಮಗ ಪವನ್ ಅನಂತಪುರದಲ್ಲಿ ಡಿಪ್ಲೊಮಾ ಓದುತ್ತಾನೆ, ಅಷ್ಟು ದೊಡ್ಡವನು. ಈ ಮನುಷ್ಯ ಮೊದಲೆಲ್ಲ ಹಿಂದಿನ ಹುಕ್ಸ್ ಹಾಕಿಕೊಡು ಅಂದರೆ ಹಾಕೋದಕ್ಕಿಂತ ಬಿಚ್ಚೋದೇ ಹೆಚ್ಚು. ಈಗ ಕೀ ಬಿಟ್ಟು ಓಡುತ್ತಾನೆ.

ಆಸ್ಪತ್ರೆಯಲ್ಲಿ ಬಾತ್‌ರೂಮಿಗೆ ಎತ್ತಿಕೊಂಡು ಹೋದವನು ಅವನೇ. ವಾಂತಿ ಬಳಿದವನು ಅವನೇ. ತಲೆಗೂದಲು ಉದುರಿದಾಗ ಟವೆಲ್ ಕಟ್ಟಿದವನು ಅವನೇ. ಯಾವುದಕ್ಕೂ ಮುಖ ಸಿಂಡರಿಸಲಿಲ್ಲ. ಆದರೆ ಗಾಯವನ್ನು ಒಂದು ಸಲ ನೋಡಿಲ್ಲ. ಡ್ರೆಸಿಂಗ್ ಮಾಡುವಾಗ ಹೊರಗೆ ನಿಲ್ಲುತ್ತಿದ್ದ. ಮನೆಗೆ ಬಂದ ಮೇಲೂ ಹಾಗೇ.

ಹೇಸಿಗೆ. ಬೇರೆ ಏನು ಇರುತ್ತೆ?

ಒಂದೇ ಒಂದು ಸಲ ನೋಡಲಿ ಅಂತ ಆಸೆ. ನೋಡಿ ಮುಖ ತಿರುಗಿಸಲಿ ಬೇಕಾದರೆ. ಆಗ ಗೊತ್ತಾಗುತ್ತೆ. ಗೊತ್ತಿಲ್ಲದೆ ಕಾಯೋದು ಸಾಕಾಗಿದೆ.

ಮಾರ್ಚ್ 30, ಯುಗಾದಿ

ಹೊಸ ಸೀರೆ. ಒಳಗೆ ರಾಗಿ. ಬೆವರು.

ಅತ್ತೆ ಮೈಲಾರಮ್ಮ ಬೇವು ಬೆಲ್ಲ ಕೊಟ್ಟರು. ‘ಈ ವರ್ಷ ಬರೀ ಬೆಲ್ಲ ತಿನ್ನವ್ವ, ಬೇವು ಹೋದ ವರ್ಷ ತಿಂದೀದಿ’ ಅಂದರು. ಮುತ್ತುರಾಜ್ ಹೋಳಿಗೆ ತಿಂದು, ಚೆನ್ನಾಗೈತೆ ಅಂದು, ಮೇಲೆ ಹೋದ.

ಏಪ್ರಿಲ್ 10, ಮಡಕಶಿರ

ರೇವತಿಯ ಬಟ್ಟೆಗೆ ಅಳತೆ, ಡಿಸೈನ್ ಮಾತಾಡೋಕೆ ಬಂದಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಜಾರಿನವರೆಗೆ ನಡೆದೆ. ಒಬ್ಬಳು ಕರೆದಳು, ತೆಲುಗಿನಲ್ಲಿ — ‘ಅಕ್ಕಾ, ನೀ ಚೆಪ್ಪು!’ ನೋಡಿದರೆ ಎಡಗಾಲಿನ ಚಪ್ಪಲಿ ಇಲ್ಲ. ಎಲ್ಲಿ ಜಾರಿತೋ. ಜೋಮು ಹಿಡಿದ ಪಾದಕ್ಕೆ ಟಾರ್ ರಸ್ತೆಯ ಬಿಸಿಯೂ ತಿಳಿದಿರಲಿಲ್ಲ. ಅಂಗಾಲು ಕೆಂಪಾಗಿತ್ತು.

ಹಿಂದೆ ಹೋಗಿ ಹುಡುಕಿದೆ. ಹಣ್ಣಿನ ಗಾಡಿ ಕೆಳಗೆ ಸಿಕ್ಕಿತು. ಅಲ್ಲೇ ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಬೋರಯ್ಯ ಕೂತಿದ್ದ. ನಾನು ಚಿಕ್ಕವಳಿದ್ದಾಗಲೂ ಅಲ್ಲೇ ಕೂರುತ್ತಿದ್ದ.

‘ಹಿಂದುಗಡೆ ಒಂದು ಪಟ್ಟಿ ಹಾಕು’ ಅಂದೆ. ‘ಹಿಮ್ಮಡಿ ಬಿಟ್ಟು ಜಾರಬಾರದು. ಮುಂದಿನ ಪಟ್ಟಿ ಸ್ವಲ್ಪ ಸಡಿಲ ಮಾಡು, ಪಾದ ಊದಿದೆ.’

‘ಇದ್ಯಾಕಮ್ಮ ಇಸ್ಕೂಲ್ ಮಕ್ಳಂಗೆ? ದೊಡ್ಡೋರು ಹಿಂಗೆ ಹಾಕ್ಕಳಕಿಲ್ಲ.’

‘ಹಾಕು. ನಾನು ಹಾಕ್ಕಳ್ತೀನಿ.’

ಅವನು ಕಪ್ಪು ಪಟ್ಟಿ ತೆಗೆದ. ಬೇಡ ಅಂದೆ. ಬ್ಯಾಗಿನಲ್ಲಿ ಜೀನ್ಸ್ ಚಿಂದಿ ಇತ್ತು, ರೇವತಿಗೆ ಪರ್ಸ್ ಹೊಲಿಯೋಣ ಅಂತ ತಂದದ್ದು. ಅದನ್ನು ಕೊಟ್ಟು ಚರ್ಮದ ಮೇಲೆ ಹೊಲಿಸಿದೆ. ನೀಲಿ ಪಟ್ಟಿ, ಕಿತ್ತಳೆ ದಾರ. ‘ಶೋಕಿ ಐತೆ ನಿಂಗೆ’ ಅಂದ. ಇದೆ. ಮೈಯಲ್ಲಿ ಒಂದು ಕಮ್ಮಿ ಆದರೆ ಶೋಕಿ ಯಾಕೆ ಕಮ್ಮಿ ಆಗಬೇಕು.

ನಡೆದರೆ ಜಾರಲಿಲ್ಲ. ಅಕ್ಕನ ಮನೆವರೆಗೂ ನಡೆದೇ ಹೋದೆ.

ಏಪ್ರಿಲ್ 11, ಮಡಕಶಿರ

ಅಕ್ಕನಿಗೆ ಗಾಯ ತೋರಿಸಿದೆ. ನಾನೇ. ಯಾರಾದರೂ ಒಬ್ಬರು ನೋಡಲಿ ಅಂತ.

ತಪ್ಪು ಮಾಡಿದೆ. ‘ಅಯ್ಯೋ ನನ್ ತಂಗಿ, ಯಾವ ಪಾಪಿ ಕಣ್ಣು ಬಿತ್ತಮ್ಮಿ’ ಅಂತ ಶುರುವಾದವಳು ನಿಲ್ಲಿಸಲೇ ಇಲ್ಲ. ಕಾಫಿ ಮಾಡಿ ಕೊಟ್ಟವಳು ನಾನು. ಮೂಗು ಒರೆಸಿದವಳು ನಾನು. ರೇವತಿ ಬಾಗಿಲಲ್ಲಿ ಹೆದರಿ ನಿಂತಿದ್ದಳು, ಮದುವೆಯಾಗೋ ಹುಡುಗಿ. ‘ಏನಿಲ್ಲ ಹೋಗೆ, ಗುಣ ಆಗಿದೆ’ ಅಂತ ಅವಳನ್ನೂ ನಾನೇ ಸಮಾಧಾನ ಮಾಡಿದೆ.

ಇನ್ನೊಬ್ಬರ ದುಃಖ ಸುಧಾರಿಸುವಷ್ಟು ತ್ರಾಣ ಈಗ ಇಲ್ಲ. ಇನ್ನು ಯಾರಿಗೂ ತೋರಿಸುವುದಿಲ್ಲ.

ಏಪ್ರಿಲ್ 17

ರಾಯದುರ್ಗ. ಬಂದ ದಿನದಿಂದ ಜ್ವರ. ಪ್ಯಾಡ್ ಬೆವರಿನಿಂದ ನಾರುತ್ತಿತ್ತು. ರಾಗಿ ಸುರಿದು ಚೀಲ ಒಗೆಯಬೇಕು, ಬಿಸಿಲಿಗೆ ಹಾಕಬೇಕು. ಬಿಚ್ಚಿ ಹೊಲಿಯೋಕೆ ಕೈ ಬರಲಿಲ್ಲ. ಹಾಗೇ ಸೋಪು ನೀರಲ್ಲಿ ಅದ್ದಿ ಹಿಂಡಿದೆ.

ಒಣಗಿಸೋದು ಎಲ್ಲಿ? ಹೊರಗಿನ ತಂತಿ ಮೇಲೆ ಹಾಕೋಕೆ ಆಗುತ್ತಾ? ಬಾಡಿಯನ್ನೇ ಯಾವತ್ತೂ ಬಿಸಿಲಿಗೆ ಹಾಕಿದವರಲ್ಲ ನಾವು, ಸೀರೆ ಕೆಳಗೆ ಮುಚ್ಚಿ ಒಣಗಿಸುತ್ತೇವೆ. ಬಚ್ಚಲ ಹಿಂದಿನ ಸಂದಿಯಲ್ಲಿ ಬುಟ್ಟಿ ಇದೆ. ಅದರೊಳಗಿಟ್ಟು ಒದ್ದೆ ಟವೆಲ್ ಮುಚ್ಚಿದೆ.

ಮಲಗುತ್ತೇನೆ.

ಏಪ್ರಿಲ್ 20, ಭಾನುವಾರ

ಜ್ವರ ಬಿಟ್ಟಿದೆ. ನಗಬೇಕೋ ಅಳಬೇಕೋ ಗೊತ್ತಿಲ್ಲ, ಬರೆದುಬಿಡುತ್ತೇನೆ.

ಬೆಳಿಗ್ಗೆ ಅತ್ತೆ ಬಚ್ಚಲ ಕಡೆಯಿಂದ ಕೂಗಿದರು. ‘ಕೃಷ್ಣವೇಣೀ, ಬಾರವ್ವ ಇಲ್ಲಿ! ಏನಿದು?’

ಓಡಿದೆ. ಅತ್ತೆಯ ಅಂಗೈಯಲ್ಲಿ ನನ್ನ ಪ್ಯಾಡ್. ಮಲ್ ಬಟ್ಟೆ ತೂರಿಕೊಂಡು ಸುತ್ತಲೂ ಬಿಳಿ ಬಿಳಿ ಮೊಳಕೆ. ನೆನೆಸಿದೆ, ಹಿಂಡಿದೆ, ಬಟ್ಟೆ ಕಟ್ಟಿ ಕತ್ತಲಲ್ಲಿಟ್ಟೆ. ರಾಗಿ ಮಾಲ್ಟ್ ಮಾಡೋಕೆ ಏನೇನು ಮಾಡುತ್ತೇವೋ ಅಷ್ಟೂ ಮಾಡಿದ್ದೇನೆ. ಬಾಣಂತಿಯರಿಗೆ ಎಷ್ಟು ಸಲ ಮಾಡಿಕೊಟ್ಟಿಲ್ಲ! ಮೂರು ದಿನ ಅದರ ನೆನಪೇ ಇರಲಿಲ್ಲ.

ಸುಳ್ಳು ಹೇಳೋಕೆ ಏನೂ ಹೊಳೆಯಲಿಲ್ಲ. ಎಡಗಡೆ ಕೈ ಇಟ್ಟು ತೋರಿಸಿದೆ. ಇಲ್ಲಿಗೆ ಅತ್ತೆ, ಅಂದೆ.

ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಗಟ್ಟಿ ಹೆಂಗಸು, ಕುರಿ ಹಿಂದೆ ಊರೂರು ನಡೆದವರು. ತುಟಿ ಬಿಗಿ ಹಿಡಿದಿದ್ದರು. ಆಮೇಲೆ ಅಂದರು:

‘ಮಳಿ ಇಲ್ಲ ಬೆಳಿ ಇಲ್ಲ ಅಂತ ಊರೆಲ್ಲ ಒದರಾಕತ್ತೈತೆ. ನೀ ಎದಿ ಮ್ಯಾಲ ಪೈರು ಬೆಳದೀಯಲ್ಲವ್ವಾ!’

ನಕ್ಕೆ. ಬಚ್ಚಲ ಕಟ್ಟೆ ಮೇಲೆ ಕೂತು ಇಬ್ಬರೂ ನಕ್ಕೆವು. ‘ಜ್ವಾಳ ತುಂಬಬೇಕಿತ್ತು. ನಿಮ್ಮ ಕಡೀ ಕಾಳು ಭಾಳ ಅವಸರದ್ದು’ ಅಂದರು. ಹೊಟ್ಟೆ ಹಿಡಿದುಕೊಂಡೆ. ಗಾಯದ ಪಕ್ಕ ಎಳೆಯಿತು, ಆದರೂ ನಿಲ್ಲಿಸೋಕೆ ಆಗಲಿಲ್ಲ. ನಗು ಮುಗಿದ ಮೇಲೆ ಅತ್ತೆ ಮೊಳಕೆಯನ್ನು ಕುರಿಮರಿಗೆ ಹಾಕಿದರು. ಚೀಲ ತೊಳೆದು ತಂದು ನನ್ನ ಕೈಗೆ ಕೊಟ್ಟರು.

‘ಬರೀ ಅದನ್ನ ತುಂಬಿ ತುಂಬಿ ಯಾಕ ಸೋಲ್ತಿ? ಹೋಗಿದ್ದು ಹೋತು. ಇದ್ದಿದ್ದಕ್ಕ ಹೊಲಕೊ.’

ಮೆಟ್ಟಿಲ ಮೇಲೆ ಮುತ್ತುರಾಜ್ ನಿಂತಿದ್ದ. ಯಾವಾಗಿನಿಂದಲೋ. ನಗು ಕೇಳಿ ಬಂದಿದ್ದ ಅನ್ನಿಸುತ್ತೆ. ನಾನು ತಲೆ ಎತ್ತಿದ ಕೂಡಲೇ ಮೇಲೆ ಹೋದ.

ಏಪ್ರಿಲ್ 26

ರೇವತಿಯ ಐದು ರವಿಕೆ ಮುಗಿದವು. ಮುಹೂರ್ತದ್ದಕ್ಕೆ ತೋಳಿನ ತುಂಬ ವರ್ಕ್. ಚೆನ್ನಾಗಿ ಬಂದಿದೆ, ನಾನೇ ಹೇಳಿಕೊಳ್ಳಬೇಕು.

ನನ್ನದು ಉಳಿದಿದೆ. ಅತ್ತೆ ಅಂದದ್ದು ತಲೆಯಲ್ಲೇ ಇದೆ. ಇದ್ದಿದ್ದಕ್ಕೆ ಹೊಲಿದುಕೊಳ್ಳುತ್ತೇನೆ. ಪ್ಯಾಡ್ ಬೇಡ. ಬಲಗಡೆ ಉಬ್ಬಿಗೆ ಡಾರ್ಟ್, ಎಡಗಡೆ ಸಪಾಟು. ಎಡತೋಳು ಅಗಲ, ಬಲತೋಳು ಮಾಮೂಲು. ಭುಜದಿಂದ ಅಡ್ಡಕ್ಕೆ ಒಂದು ಮಡಿಕೆ ಮಡಿಕೆಯಾದ ಪಟ್ಟಿ ಇಳಿಸಿದರೆ ಅದು ಫ್ಯಾಶನ್ ಅನ್ನಿಸಬೇಕು, ಮುಚ್ಚಿದ್ದು ಅನ್ನಿಸಬಾರದು. ಕಡುಹಸಿರು ರೇಷ್ಮೆ. ಪೇಪರ್ ಮೇಲೆ ಬರೆದು ನೋಡಿದೆ. ಇಂಥದ್ದನ್ನು ಯಾರಿಗೂ ಹೊಲಿದಿಲ್ಲ ನಾನು. ಕೈ ತುರಿಸಿತು.

ಆದರೆ ಅಳತೆ?

ಅಳತೆ ರವಿಕೆ ತಾ ಅಂತ ಊರಿಗೆಲ್ಲ ಹೇಳುವವಳು. ನನ್ನ ಹತ್ತಿರ ಇಲ್ಲ. ಈ ಮೈಗೆ ಯಾವ ರವಿಕೆಯೂ ಇನ್ನೂ ಹುಟ್ಟಿಲ್ಲ.

ನಾನೇ ತೆಗೆದುಕೊಳ್ಳೋಕೆ ನೋಡಿದೆ. ಟೇಪಿನ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿ ಬಲಗೈಯಲ್ಲಿ. ಎಡಗೈ ಎತ್ತಿದರೆ ಎದೆ ಎಳೆದು ಅಳತೆ ಬದಲಾಗುತ್ತೆ, ಎತ್ತದಿದ್ದರೆ ಟೇಪು ಕಂಕುಳ ಕೆಳಗೆ ಹೋಗುವುದಿಲ್ಲ. ಮೂರು ಸಲ ತೆಗೆದೆ, ಮೂರು ಥರ ಬಂತು. ಅತ್ತೆಗೆ ಟೇಪಿನ ನಂಬರು ಕಾಣುವುದಿಲ್ಲ. ಅಕ್ಕ ಬಂದರೆ ಅಳುತ್ತಾಳೆ.

ಅಂದಾಜಿನ ಮೇಲೆ ಹಳೆ ಬೆಡ್‌ಶೀಟ್ ಕತ್ತರಿಸಿ ಹೊಲಿದು ನೋಡಿದೆ. ಎಡಗಡೆ ನೆರಿಗೆ ಬಿದ್ದು ಗಾಯದ ಮೇಲೆ ಉಜ್ಜುತ್ತೆ. ಎಸೆದೆ.

ಏಪ್ರಿಲ್ 29

ಇನ್ನೊಂದು ಬೆಡ್‌ಶೀಟೂ ಹಾಳಾಯಿತು. ಟವೆಲ್ ಹೊದ್ದುಕೊಂಡೇ ಮದುವೆಗೆ ಹೋಗುತ್ತೇನೆ. ಇಲ್ಲ, ಹೋಗೋದೇ ಇಲ್ಲ. ರೇವತಿ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಸಾಕಾಗಿದೆ.

ಮೇ 1, ಗುರುವಾರ. ಸಂಜೆ

ನಿಧಾನಕ್ಕೆ ಬರೆಯುತ್ತೇನೆ.

ಯುನಿಟ್‌ಗೆ ರಜೆ. ಅತ್ತೆ ಕುರಿ ನೋಡೋಕೆ ಓಬಳಾಪುರದ ಕಡೆ ಹೋಗಿದ್ದರು. ಮಧ್ಯಾಹ್ನ ಕರೆಂಟ್ ಹೋಯಿತು. ರೂಮಿನಲ್ಲಿ ಉಸಿರು ಕಟ್ಟುವ ಸೆಕೆ. ರವಿಕೆ ಬಿಚ್ಚಿ ಕನ್ನಡಿ ಮುಂದೆ ಕೂತು ಕೊನೆಯದಾಗಿ ಒಂದು ಸಲ ಅಂತ ಟೇಪು ಹಿಡಿದಿದ್ದೆ. ಬಾಗಿಲು ಹಾಕಿರಲಿಲ್ಲ. ಮೇಲೆ ಸೆಕೆ ತಡೆಯಲಾರದೆ ಮುತ್ತುರಾಜ್ ಕೆಳಗೆ ಇಳಿದ, ನೀರು ಕುಡಿಯೋಕೆ ಇರಬೇಕು. ಕನ್ನಡಿಯಲ್ಲಿ ಕಂಡ. ನಾನೂ ಅವನಿಗೆ ಕಂಡೆ. ತಿರುಗಿದ.

‘ನಿಲ್ರಿ’ ಅಂದೆ.

ನಿಂತ. ಬೆನ್ನು ಹಾಕಿಯೇ.

‘ಹೇಸಿಗಿ ಆಗ್ತೈತೇನ್ರಿ? ಆಗ್ತೈತೆ ಅಂದ್ರ ಆಗ್ತೈತೆ ಅಂತ ಬಾಯ್ಬಿಟ್ಟು ಹೇಳ್ರಿ. ನಾ ಏನೂ ಅನ್ನಂಗಿಲ್ಲ. ಹಿಂಗ ಕಳ್ಳನಂಗ ಓಡಬ್ಯಾಡ್ರಿ.’

ಗೋಡೆ ಹಿಡಿದುಕೊಂಡ. ಅಲ್ಲೇ ಹೊಸ್ತಿಲ ಮೇಲೆ ಕೂತ. ಇನ್ನೂ ಆ ಕಡೆಗೇ ಮುಖ.

‘ಹೇಸಿಗಿ ಯಾಕ ಆಗ್ತೈತೆ... ನಾ ಹೇಳೀನಲ್ಲ, ಅದಕ್ಕ.’

‘ಏನು ಹೇಳೀರಿ?’

‘ತಗದುಬಿಡ್ರಿ ಅಂತ.’

ಅರ್ಥ ಆಗಲಿಲ್ಲ. ಅವನೇ ಹೇಳಿದ, ನಿಂತು ನಿಂತು. ಆಪರೇಷನ್ ದಿನ ಬೆಂಗಳೂರಲ್ಲಿ, ನನಗೆ ಮತ್ತಿನ ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ಹೊರಗೆ ಬಂದರಂತೆ. ಗಡ್ಡೆ ಮಾತ್ರ ತೆಗೆದು ಆಮೇಲೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಬಹುದು, ಇಲ್ಲಾ ಪೂರ್ತಿ ತೆಗೆಯಬಹುದು. ಎರಡೂ ಸರಿ, ನೀವೇ ಹೇಳಿ ಅಂದರಂತೆ. ಪೂರ್ತಿ ತೆಗೆಯಬೇಕಾಗಿ ಬರಬಹುದು ಅಂತ ನನಗೆ ಮೊದಲೇ ಹೇಳಿದ್ದರು. ಒಳಗೆ ನೋಡಿ ಡಾಕ್ಟರೇ ತೀರ್ಮಾನ ಮಾಡಿದರು ಅಂತ ನಾನು ಅಂದುಕೊಂಡಿದ್ದೆ.

‘ಯುನಿಟ್‌ನಾಗ ಒಂದು ಲೇ ಅರಿವಿ ಕತ್ತರಿಸಬೇಕಂದ್ರ ಹತ್ತು ಸಲ ಮಾರ್ಕ್ ನೋಡ್ತೀನಿ. ಕತ್ತರಿಸಿದ್ ಅರಿವಿ ಮತ್ತ ಕೂಡಂಗಿಲ್ಲಲ್ಲ. ನಿಂದು... ನಿನ್ನ ಕೇಳ್ಲಾರದ, ನೋಡ್ಲಾರದ, ಪೂರ್ತಿ ತಗೀರಿ ಅಂದುಬಿಟ್ಟೆ. ನೀ ಉಳದ್ರ ಸಾಕಾಗಿತ್ತು. ಸೈನ್ ಹಾಕಿದೆ. ಮರುದಿನದಿಂದ... ನಾ ಕತ್ತರಿಸಿದ್ದನ್ನ ನಾ ಹೆಂಗ ನೋಡ್ಲಿ ವೇಣಿ?’

ಅತ್ತ. ಭುಜ ಅಲುಗುತ್ತಿತ್ತು.

ನನಗೆ ಕೋಪ ಬಂತು. ತೆಗೆಸಿದ್ದಕ್ಕಲ್ಲ. ಮತ್ತಿನಲ್ಲಿ ಇಲ್ಲದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಹೇಳುತ್ತಿರಲಿಲ್ಲವೇನೋ. ಈಗ ಗೊತ್ತಾಗೋದಿಲ್ಲ. ಕೋಪ ಬಂದದ್ದು ಇಷ್ಟು ತಿಂಗಳು ಮೇಲೆ ಒಬ್ಬನೇ ಅದನ್ನು ಹೊತ್ತುಕೊಂಡು ಕೂತದ್ದಕ್ಕೆ. ನಾನು ಕೆಳಗೆ ಹೇಸಿಗೆ, ಹೇಸಿಗೆ ಅಂತ ಸಾಯುತ್ತಿದ್ದೆ. ಸ್ಪಂಜು, ಉಣ್ಣೆ, ರಾಗಿ ತುಂಬಿಕೊಂಡು ಒದ್ದಾಡುತ್ತಿದ್ದೆ. ಒಂದು ಮಾತು. ಒಂದೇ ಮಾತು ಹೇಳಿದ್ದರೆ!

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಮಡಕಶಿರದ ಬೈಗುಳ, ಮದುವೆಯಾದ ಮೇಲೆ ಮರೆತೇ ಹೋಗಿದ್ದವು. ಅವನು ಕೇಳಿಸಿಕೊಂಡ. ಬೈಯೋದು ಮುಗಿಯಿತು. ಸೆಕೆ. ಎಲ್ಲೋ ಜನರೇಟರ್ ಸದ್ದು.

‘ಇಲ್ಲಿ ಬರ್ರಿ’ ಅಂದೆ. ‘ಟೇಪ್ ಹಿಡೀರಿ. ನನಗ ಒಬ್ಬಾಕಿಗೇ ಆಗವಲ್ದು.’

ಬಂದ. ನನ್ನೆದುರು ಮಂಡಿಯೂರಿ ಕೂತ. ನೋಡಿದ.

ಮುಖ ತಿರುಗಿಸಲಿಲ್ಲ. ಅಷ್ಟೇ ಬರೆಯೋಕೆ ಆಗೋದು. ಬಹಳ ಹೊತ್ತು ನೋಡಿದ.

‘ನೋವೈತಾ?’

‘ಇಲ್ಲ. ಜೋಮು. ಮುಟ್ಟಿದ್ರೂ ಸರಿಯಾಗಿ ಗೊತ್ತಾಗಂಗಿಲ್ಲ.’

‘ಮುಟ್ಲಾ?’

ಸೈಜ್ ನಂಬರ್ ನೋಡಿ ಪ್ಯಾಂಟ್ ಕತ್ತರಿಸುವ ಮನುಷ್ಯ, ಒಬ್ಬರ ಮೈ ಮೇಲೆ ಟೇಪು ಇಟ್ಟವನಲ್ಲ. ಭುಜದಿಂದ ಯಾವ ಕಡೆಗೆ ಅಂತ ಕೇಳಿದ. ಹೇಳಿದೆ. ಎಡಗೈಯನ್ನು ತಾನೇ ಎತ್ತಿ ತನ್ನ ಭುಜದ ಮೇಲೆ ಇಟ್ಟುಕೊಂಡ, ನನಗೆ ಭಾರ ಆಗಬಾರದು ಅಂತ. ಟೇಪು ಗಾಯದ ಮೇಲೆ ಹಾದುಹೋದಾಗ ಅವನ ಬೆರಳು ನಿಂತಿತು. ಗೊತ್ತಾಗುವುದಿಲ್ಲ ಅಂದಿದ್ದೆ. ಸ್ವಲ್ಪ ಗೊತ್ತಾಯಿತು. ನಂಬರುಗಳನ್ನು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಸಾಲಾಗಿ ಬರೆದ, ಯುನಿಟ್‌ನಲ್ಲಿ ಬರೆಯುವ ಹಾಗೆ.

ನಾನು ಅಳಲಿಲ್ಲ. ಸುಸ್ತಾಗಿತ್ತು. ಈಗ ಬರೆಯುವಾಗ ಅಳು ಬರುತ್ತಿದೆ.

ಮೇ 2, ಮಧ್ಯಾಹ್ನ

ನೆಲದ ಮೇಲಿನ ಅಳತೆ ನೋಡಿ ಬೆಡ್‌ಶೀಟ್ ಕತ್ತರಿಸಿ ಹೊಲಿದೆ. ಹಾಕಿಕೊಂಡರೆ ಎಲ್ಲ ಕಡೆ ಸಡಿಲ. ಭುಜ ಸಡಿಲ, ಎದೆ ಸಡಿಲ, ಎರಡು ತೋಳೂ ಸಡಿಲ. ಇದೇನಾಯಿತು ಅಂತ ತಲೆ ಕೆಟ್ಟಿತು. ಊಟಕ್ಕೆ ಬಂದಾಗ ಕೇಳಿದೆ.

‘ಒಂದಿಂಚು ಕೂಡಿಸಿ ಬರದೀನಿ’ ಅಂದ. ‘ವಾಷಿಂಗ್ ಆದಮ್ಯಾಲ ಕುಗ್ಗತೈತಲ್ಲ.’

ಜೀನ್ಸ್ ಬಟ್ಟೆಗೆ ಹಾಗೇ ಬಿಡುತ್ತಾರಂತೆ. ನಾನೇನು ಡೆನಿಮ್ಮಾ? ಅತ್ತೆ ತಟ್ಟೆ ಕೆಳಗಿಟ್ಟು ನಕ್ಕರು. ಎಲ್ಲದರಿಂದ ಒಂದೊಂದು ಇಂಚು ಕಳೆದರೆ ಆಯಿತು, ನನಗೆ ಗೊತ್ತಿಲ್ಲವೇ. ಕಾಗದದ ಮೇಲೆ ಕಳೆಯೋಕೆ ಎಷ್ಟು ಹೊತ್ತು. ಆದರೆ ‘ಹಂಗ ಬರಂಗಿಲ್ರಿ, ಮತ್ತ ಅಳೀಬೇಕು’ ಅಂದೆ. ಅವನು ನನ್ನ ಮುಖ ನೋಡಿದ. ಕೈ ತೊಳೆದುಕೊಂಡ. ಯುನಿಟ್‌ಗೆ ಫೋನ್ ಮಾಡಿ ತಡವಾಗಿ ಬರ್ತೀನಿ ಅಂದ.

ಆಚೆ ರೂಮಿನಲ್ಲಿ ಟೇಪು ಹುಡುಕುತ್ತಿದ್ದಾನೆ. ಡ್ರಾಯರ್ ಎಲ್ಲ ಎಳೆದ ಸದ್ದು. ಟೇಪು ನನ್ನ ಕೊರಳಲ್ಲೇ ಇದೆ. ಹೇಳಿಲ್ಲ. ಹುಡುಕಿಕೊಂಡು ಇಲ್ಲಿಗೇ ಬರಲಿ. ಬಾಗಿಲ ಹತ್ತಿರ —